60 ಕಿಲೋಹರ್ಟ್ಜ್‌ನ ಒಂದು ಗೆರೆ: ಜಪಾನೋ, ಇಂಗ್ಲೆಂಡೋ, ಪಕ್ಕದ ಮನೆಯ ಅಡಾಪ್ಟರೋ?

ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಲ್ಲಿ ಒಂದು ತೆಂಗಿನ ತೋಟ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ. ಡಿಸೆಂಬರ್ ಕೊನೆಯಲ್ಲಿ ನಾವು ಕೆಲವು ಹವ್ಯಾಸಿ ರೇಡಿಯೊದವರು ಅಲ್ಲಿ ಲೂಪ್ ಆಂಟೆನಾ (ಚೌಕಟ್ಟಿಗೆ ತಂತಿ ಸುತ್ತಿದ್ದು) ನಿಲ್ಲಿಸಿ ರಾತ್ರಿಯಿಡೀ ರೆಕಾರ್ಡ್ ಮಾಡಿದೆವು. ಸಂಜೆ ಕತ್ತಲಾದ ಮೇಲೆ ಲ್ಯಾಪ್‌ಟಾಪ್ ಪರದೆಯಲ್ಲಿ, ಸರಿಯಾಗಿ 60 ಕಿಲೋಹರ್ಟ್ಜ್ ಇರುವ ಜಾಗದಲ್ಲಿ, ಒಂದು ತೆಳು ಗೆರೆ ಮೂಡುತ್ತಿತ್ತು. ಬಿಸಿಲೇರುವಾಗ ಇರುತ್ತಿರಲಿಲ್ಲ. ಅದು ಯಾರ ಸಿಗ್ನಲ್ ಎಂದು ಪತ್ತೆ ಮಾಡಿದ ವಿವರ ಇಲ್ಲಿದೆ.

ಗೆರೆ ಕಂಡ ಕೂಡಲೇ ಲಾಗ್ ಪುಸ್ತಕದಲ್ಲಿ "ಜಪಾನ್ ಸಿಕ್ಕಿತು" ಎಂದು ಬರೆದುಬಿಡುವ ಅಭ್ಯಾಸ ಹಲವರಲ್ಲಿದೆ. ನನಗೆ ಅದು ಸರಿ ಕಾಣುವುದಿಲ್ಲ. ಇಷ್ಟು ಕಡಿಮೆ ಆವರ್ತನಗಳಲ್ಲಿ ದೂರದ ಸಿಗ್ನಲ್ ಹೆಚ್ಚಾಗಿ ಕಿವಿಗೆ ಕೇಳಿಸುವುದೇ ಇಲ್ಲ, ಕಂಪ್ಯೂಟರ್ ತೋರಿಸುವ ಗೆರೆಯಷ್ಟೇ ನಮ್ಮ ಪಾಲಿಗೆ. ಆ ಗೆರೆಯನ್ನು ಮನೆಯ ಮೊಬೈಲ್ ಚಾರ್ಜರ್ ಕೂಡ ಬರೆಯಬಹುದು. ನಮ್ಮ ಗುಂಪಿನ ಹಿರಿಯರು, ನಿವೃತ್ತ ಭೌತಶಾಸ್ತ್ರ ಮಾಷ್ಟ್ರು, ಮೊದಲ ದಿನವೇ ಹೇಳಿದ್ದರು: "ಸಿಕ್ಕಿತು ಅಂತ ಬರೀಬೇಡಿ. ಅದು ಯಾವಾಗ ಹೋಗ್ಬೇಕು ಅಂತ ಮೊದ್ಲು ಬರೀರಿ. ಆಮೇಲೆ ನೋಡುವ." ನಾವು ಮಾಡಿದ್ದು ಅದನ್ನೇ.

ಯಾರು ಯಾರು ಇರಬಹುದು

60 ಕಿಲೋಹರ್ಟ್ಜ್‌ನಲ್ಲಿ ಗೊತ್ತಿರುವ ಮೂರು ದೊಡ್ಡ ಕೇಂದ್ರಗಳಿವೆ. ಮೂರೂ ಗಡಿಯಾರಗಳಿಗೆ ಸಮಯ ಹೇಳುವ ಪ್ರಸಾರ ಕೇಂದ್ರಗಳು. ಜಪಾನಿನ ಕ್ಯೂಶೂ ದ್ವೀಪದ ಹಗಾನೆ ಬೆಟ್ಟದಿಂದ ಜೆಜೆವೈ, 2001ರಿಂದ. ಇಂಗ್ಲೆಂಡಿನ ಆಂಥಾರ್ನ್‌ನಿಂದ ಎಂಎಸ್ಎಫ್. 2007ರ ತನಕ ಅದು ರಗ್ಬಿ ಎಂಬ ಊರಿನಲ್ಲಿತ್ತು. ಅಮೆರಿಕದ ಕೊಲರಾಡೊದಿಂದ ಡಬ್ಲ್ಯುಡಬ್ಲ್ಯುವಿಬಿ. ಉಡುಪಿಯಿಂದ ಹಗಾನೆ ಸುಮಾರು 6,000 ಕಿ.ಮೀ., ಆಂಥಾರ್ನ್ ಸುಮಾರು 8,000 ಕಿ.ಮೀ., ಕೊಲರಾಡೊ ಸುಮಾರು 14,000 ಕಿ.ಮೀ. ಮೂರೂ ಪರಮಾಣು ಗಡಿಯಾರ ಹಿಡಿದು ನಡೆಯುವುದರಿಂದ ಆವರ್ತನದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅಂದರೆ ಮೂರೂ ಬಂದರೂ ಪರದೆಯಲ್ಲಿ ಕಾಣುವುದು ಒಂದೇ ಗೆರೆ.

ನಾಲ್ಕನೆಯ ಅನುಮಾನ ಊರಿನದೇ. ಎಲ್ಇಡಿ ಬಲ್ಬ್, ಸೆಟ್ ಟಾಪ್ ಬಾಕ್ಸ್, ವೈಫೈ ರೂಟರ್, ಇನ್ವರ್ಟರ್, ಇವುಗಳೊಳಗಿನ ಸ್ವಿಚಿಂಗ್ ಪವರ್ ಸಪ್ಲೈಗಳು ಕೆಲಸ ಮಾಡುವುದೇ ಹೆಚ್ಚುಕಮ್ಮಿ ಇಂಥ ಆವರ್ತನಗಳಲ್ಲಿ.

ನಾವು ಬರೀ ಕೇಳುಗರು. ಇಲ್ಲಿ ಏನನ್ನೂ ಪ್ರಸಾರ ಮಾಡಿಲ್ಲ.

ಸಲಕರಣೆ

ರೇಡಿಯೊ ಸೆಟ್ ಅಂತ ಪ್ರತ್ಯೇಕ ಏನೂ ಇರಲಿಲ್ಲ. ಸೆಕೆಂಡಿಗೆ 1,92,000 ಸಲ ಅಳೆಯುವ ಯುಎಸ್‌ಬಿ ಸೌಂಡ್ ಕಾರ್ಡ್ ಇದ್ದರೆ 96 ಕಿಲೋಹರ್ಟ್ಜ್ ತನಕದ್ದೆಲ್ಲ ನೇರವಾಗಿ ಕಂಪ್ಯೂಟರಿಗೆ ಬರುತ್ತದೆ. ನೋಡಲು ಸ್ಪೆಕ್ಟ್ರಮ್ ಲ್ಯಾಬ್ ಎಂಬ ಉಚಿತ ಸಾಫ್ಟ್‌ವೇರ್. ಅದನ್ನು ಬರೆದವರೂ ಜರ್ಮನಿಯ ಒಬ್ಬ ಹವ್ಯಾಸಿ ರೇಡಿಯೊದವರೇ. ಲೂಪ್‌ಗೆ ಅಡಿಕೆ ಮರದ ರೀಪಿನ ಚೌಕಟ್ಟು, ಒಂದೊಂದು ಬದಿ ಒಂದು ಮೀಟರ್. ತಂತಿ ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ತಂದದ್ದು. ಕೆಪಾಸಿಟರ್ ಹಾಕಿ 60ಕ್ಕೇ ಟ್ಯೂನ್ ಮಾಡಿದ್ದರೆ ಸಿಗ್ನಲ್ ಇನ್ನೂ ಜೋರಾಗಿ ಬರುತ್ತಿತ್ತು. ಆದರೆ ಅದೇ ರಾತ್ರಿ 40 ಮತ್ತು 68.5 ಕಿಲೋಹರ್ಟ್ಜ್ ಕೂಡ ನೋಡಬೇಕಿತ್ತು. ಯಾಕೆಂದು ಮುಂದೆ ಹೇಳುತ್ತೇನೆ. ಹಾಗಾಗಿ ಟ್ಯೂನ್ ಮಾಡದೆ, ಲೂಪ್‌ನ ಬುಡದಲ್ಲೇ ಸಿಗ್ನಲ್ ಜೋರು ಮಾಡುವ ಒಂದು ಸಣ್ಣ ಪ್ರೀ ಆಂಪ್ಲಿಫೈಯರ್ ಇಟ್ಟೆವು.

ಇದಕ್ಕೆ ಮೊದಲು ತೊಂದರೆ ಕೊಟ್ಟದ್ದು ದಕ್ಷಿಣದ ಒಂದು ದೈತ್ಯ ಸಿಗ್ನಲ್. ತಿರುನೆಲ್ವೇಲಿ ಹತ್ತಿರ ನೌಕಾಪಡೆಯ ಐಎನ್ಎಸ್ ಕಟ್ಟಬೊಮ್ಮನ್ ಇದೆ. ಸಮುದ್ರದೊಳಗಿನ ಜಲಾಂತರ್ಗಾಮಿಗಳಿಗೆ ಅಲ್ಲಿಂದ 18.2 ಕಿಲೋಹರ್ಟ್ಜ್‌ನಲ್ಲಿ ಸಂದೇಶ ಹೋಗುತ್ತದೆ. ನಮಗೆ 600 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ದೂರ ಅಷ್ಟೆ. ಅದರ ಜೋರಿಗೆ ಆಂಪ್ಲಿಫೈಯರ್ ತುಂಬಿಹೋಗಿ ಉಳಿದದ್ದೆಲ್ಲ ಮಸುಕಾಗುತ್ತಿತ್ತು. 30 ಕಿಲೋಹರ್ಟ್ಜ್‌ಗಿಂತ ಕೆಳಗಿನದ್ದನ್ನು ತಡೆಯುವ ಫಿಲ್ಟರ್ ಹಾಕಿದ ಮೇಲೆ ಸರಿಯಾಯಿತು. ಕರಾವಳಿಯಲ್ಲಿ ಈ ಕೆಲಸಕ್ಕಿಳಿಯುವವರು ಮೊದಲು ಮಾಡಬೇಕಾದ್ದು ಇದನ್ನೇ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಮುಖ್ಯ ಭಾಗ ಜಿಪಿಎಸ್ ಮಾಡ್ಯೂಲ್. ಸೌಂಡ್ ಕಾರ್ಡಿನ ಒಳಗಿನ ಗಡಿಯಾರ ಬಿಸಿ, ತಂಪಿಗೆ ಸರಿದಾಡುತ್ತದೆ. ಅಗ್ಗದ ಕಾರ್ಡ್‌ನಲ್ಲಿ ಅದು ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ 60 ಕಿಲೋಹರ್ಟ್ಜ್‌ನಲ್ಲಿ 1.2 ಹರ್ಟ್ಜ್ ಆಚೀಚೆ ಆಗುತ್ತದೆ. ನಾವು ನೋಡುತ್ತಿದ್ದದ್ದು 0.05 ಹರ್ಟ್ಜ್ ಅಗಲದ ಕಿಂಡಿಯಲ್ಲಿ. ಅದಕ್ಕೇ ಕಾರ್ಡಿನ ಎಡ ಚಾನಲ್‌ಗೆ ಆಂಟೆನಾ, ಬಲ ಚಾನಲ್‌ಗೆ ಜಿಪಿಎಸ್ ಕೊಡುವ ಸೆಕೆಂಡಿಗೊಂದು ಪಲ್ಸ್. ಎರಡೂ ಒಟ್ಟಿಗೆ ರೆಕಾರ್ಡ್ ಆದರೆ ತಪ್ಪನ್ನು ಆಮೇಲೆ ಲೆಕ್ಕ ಹಾಕಿ ತಿದ್ದಬಹುದು. ಸೆಕೆಂಡ್ ಎಲ್ಲಿ ಶುರುವಾಯಿತು ಎಂಬುದೂ ಸಿಗುತ್ತದೆ. ಇಡೀ ಪ್ರಕರಣ ಕೊನೆಗೆ ತೀರ್ಮಾನವಾದದ್ದು ಈ ಪಲ್ಸ್‌ನ ಬಲದಿಂದ.

ಕಿಂಡಿ ಯಾಕೆ ಅಷ್ಟು ಸಣ್ಣದು? ಸಾಮಾನ್ಯ ರಿಸೀವರ್ 2,500 ಹರ್ಟ್ಜ್ ಅಗಲ ಕೇಳುತ್ತದೆ, ಅಷ್ಟಗಲದ ಗದ್ದಲವೂ ಒಳಗೆ ಬರುತ್ತದೆ. ಅದು ಮಲ್ಪೆ ಬಂದರಿನಲ್ಲಿ ಮೀನು ಏಲಂ ನಡೆಯುವಾಗ ಆಚೆ ದಡದವರ ಮಾತಿಗೆ ಕಿವಿ ಕೊಟ್ಟ ಹಾಗೆ. ಕಿಂಡಿಯನ್ನು 0.05 ಹರ್ಟ್ಜ್‌ಗೆ ಇಳಿಸಿದರೆ ಗದ್ದಲದ ಶಕ್ತಿ ಐವತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬೆಲೆ ಏನೆಂದರೆ ತಾಳ್ಮೆ: ಪರದೆಯ ಒಂದೊಂದು ಚುಕ್ಕೆಗೂ 20 ಸೆಕೆಂಡ್ ಕಾಯಬೇಕು.

ಊರಿನ ಗದ್ದಲ ಮೊದಲು

ಸ್ಥಳೀಯ ಅನುಮಾನವನ್ನು ಮೊದಲು ಮುಗಿಸಿದೆವು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯಿತು, ಚಾರ್ಜರ್ ತೋಟಕ್ಕೆ ತರಲೇ ಇಲ್ಲ. ಲೂಪ್ ಅನ್ನು ಮನೆ ಮತ್ತು ಕರೆಂಟ್ ತಂತಿಯಿಂದ ಆದಷ್ಟು ದೂರ ಒಯ್ದೆವು. ಇಂಥ ಗದ್ದಲ ಹತ್ತಿರದಲ್ಲಿ ಮಾತ್ರ ಜೋರು. ಹತ್ತಾರು ಹೆಜ್ಜೆ ಸರಿದರೆ ಬೇಗ ಕುಗ್ಗುತ್ತದೆ.

ತೋಟದ ಪಕ್ಕದ ಮನೆಯ ಅಕ್ಕ ಬಂದು ನೋಡಿದರು. "ನಿಮ್ಮ ರೇಡಿಯೊಗೆ ನಮ್ಮ ಮನೆ ಟಿವಿ ಎಂತ ಮಾಡ್ತದೆ ಮಾರಾಯ್ರೆ?" ಎಂದು ಕೇಳಿದರು. ಪರದೆಯಲ್ಲಿ ಒಂದು ದಪ್ಪ ಗೆರೆ ತೋರಿಸಿ, ಸೆಟ್ ಟಾಪ್ ಬಾಕ್ಸಿನ ಅಡಾಪ್ಟರ್ ಕಿತ್ತು ನೋಡಬಹುದಾ ಎಂದೆವು. ಅವರು ಹೋಗಿ ಕಿತ್ತರು. ಗೆರೆ ಹೋಯಿತು. ಆಮೇಲೆ ಅವರೇ ಒಂದೊಂದು ಸ್ವಿಚ್ ಆರಿಸಿ, ಕಿಟಕಿಯಿಂದ "ಈಗ?" ಎಂದು ಕೇಳುತ್ತಾ ಹೋದರು. ಅವರ ಸಹಾಯ ಇಲ್ಲದಿದ್ದರೆ ನಮ್ಮ ಪಟ್ಟಿ ಅರ್ಧದಲ್ಲೇ ನಿಲ್ಲುತ್ತಿತ್ತು. ಒಂದು ಸಂಜೆ ಇಡೀ ಬೆಂಗ್ರೆಯಲ್ಲಿ ಕರೆಂಟ್ ಹೋಯಿತು. ದಪ್ಪ ಗೆರೆಗಳೆಲ್ಲ ಒಟ್ಟಿಗೆ ಅಳಿಸಿಹೋದವು. 60ರ ತೆಳು ಗೆರೆ ಹಾಗೇ ಉಳಿಯಿತು, ಮೊದಲಿಗಿಂತ ಸ್ಪಷ್ಟವಾಗಿ.

ಇನ್ನೊಂದು ಪರೀಕ್ಷೆ ಲೆಕ್ಕದ್ದು. 60,000 ಹರ್ಟ್ಜ್ ಅಂದರೆ ಮನೆ ಕರೆಂಟಿನ 50 ಹರ್ಟ್ಜ್‌ನ ಸರಿಯಾಗಿ 1,200 ಪಟ್ಟು. ಹಾಗಾದರೆ ಇದು ಕರೆಂಟಿನದೇ ಯಾಕಾಗಬಾರದು ಎಂದು ಕೇಳುವುದು ನ್ಯಾಯ. ಆದರೆ ನಮ್ಮ ಗ್ರಿಡ್ 50ಕ್ಕೆ ಅಂಟಿಕೊಂಡು ನಿಲ್ಲುವುದಿಲ್ಲ. ನಿಯಮದಲ್ಲೇ 49.90ರಿಂದ 50.05 ಹರ್ಟ್ಜ್ ತನಕ ಅವಕಾಶ ಇದೆ. ಅಲ್ಲಿ 0.05 ಹರ್ಟ್ಜ್ ಸರಿದರೆ 1,200ನೇ ಪಟ್ಟಿನಲ್ಲಿ 60 ಹರ್ಟ್ಜ್ ಸರಿಯುತ್ತದೆ. ಕರೆಂಟಿನ ಗೆರೆ ಪರದೆ ತುಂಬ ಹಾವಿನಂತೆ ಓಡಾಡಬೇಕಿತ್ತು. ನಮ್ಮ ಗೆರೆ ಗಂಟೆಗಟ್ಟಲೆ ಒಂದೇ ಚುಕ್ಕೆಯ ಮೇಲೆ ನಿಂತಿತ್ತು. ಅಡಾಪ್ಟರ್‌ಗಳಂತೂ ಬಿಸಿಯಾದಂತೆ ಇನ್ನೂ ಜಾಸ್ತಿ ಸರಿಯುತ್ತವೆ. ಊರಿನ ಅನುಮಾನ ಅಲ್ಲಿಗೆ ಬಿತ್ತು.

ಕತ್ತಲಿನ ಲೆಕ್ಕ

ಈ ಅಲೆಗಳು ನೆಲಕ್ಕೂ ಮೇಲಿನ ಅಯಾನುಗೋಳಕ್ಕೂ (ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರಗಳು) ನಡುವೆ ಸಾಗುತ್ತವೆ. ಹಗಲಲ್ಲಿ ಸುಮಾರು 70 ಕಿ.ಮೀ. ಎತ್ತರದಲ್ಲಿ ಬಿಸಿಲಿನಿಂದ ಹುಟ್ಟುವ ಡಿ ಪದರ ಅಲೆಯ ಶಕ್ತಿಯನ್ನು ತಿನ್ನುತ್ತದೆ. ರಾತ್ರಿ ಆ ಪದರ ಕರಗಿ, ಅಲೆ 90 ಕಿ.ಮೀ. ಆಸುಪಾಸಿನಿಂದ ಪ್ರತಿಫಲಿಸಿ ದೂರ ಹೋಗುತ್ತದೆ. ಆದ್ದರಿಂದ ಕಳಿಸುವ ಊರಿಂದ ಕೇಳುವ ಊರಿನ ತನಕ ದಾರಿಯುದ್ದಕ್ಕೂ ಕತ್ತಲಿದ್ದಾಗ ದೂರದ ಸಿಗ್ನಲ್ ಚೆನ್ನಾಗಿ ಬರುತ್ತದೆ.

ಮಾಷ್ಟ್ರು ಒಂದು ನೋಟ್ ಪುಸ್ತಕದಲ್ಲಿ ಮೊದಲೇ ಸಮಯ ಬರೆದಿಟ್ಟರು, ಎಲ್ಲ ನಮ್ಮ ಗಡಿಯಾರದ ಪ್ರಕಾರ. ಡಿಸೆಂಬರ್ ಕೊನೆಯಲ್ಲಿ ಉಡುಪಿಯಲ್ಲಿ ಸಂಜೆ 6.10ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಜಪಾನ್ ಅಷ್ಟೊತ್ತಿಗೆ ಕತ್ತಲಾಗಿ ಗಂಟೆಗಳೇ ಆಗಿರುತ್ತವೆ. ಹಗಾನೆಯಲ್ಲಿ ಸೂರ್ಯ ಹುಟ್ಟುವುದು ನಮ್ಮ ನಸುಕಿನ 3.50ಕ್ಕೆ. ಅಂದರೆ ಜಪಾನಿನ ದಾರಿ ಸಂಜೆ 6.10ರಿಂದ 3.50ರ ತನಕ ಪೂರ್ತಿ ಕತ್ತಲು. ಇಂಗ್ಲೆಂಡಿನ ಆಂಥಾರ್ನ್‌ನಲ್ಲಿ ಸೂರ್ಯ ಮುಳುಗುವುದು ನಮ್ಮ ರಾತ್ರಿ 9.15ರ ಸುಮಾರಿಗೆ. ಆ ದಾರಿ ಉಡುಪಿಯ ಸೂರ್ಯೋದಯದ ತನಕ, ಅಂದರೆ 6.50ರ ತನಕ, ಕತ್ತಲು. ಹೀಗೆ ರಾತ್ರಿ ಮೂರು ಪಾಲಾಯಿತು: ಮುಸ್ಸಂಜೆ ಜಪಾನ್ ಒಂದೇ, ನಡುರಾತ್ರಿ ಎರಡೂ, ನಸುಕಿನಲ್ಲಿ ಇಂಗ್ಲೆಂಡ್ ಒಂದೇ.

ಲೆಕ್ಕ ಸರಿಯಿದೆಯಾ ಎಂದು ನೋಡಲು ಬೇರೆ ಎರಡು ಕೇಂದ್ರ ಬೇಕಿತ್ತು. 40 ಕಿಲೋಹರ್ಟ್ಜ್‌ನಲ್ಲಿ ಜಪಾನಿನದೇ ಇನ್ನೊಂದು ಕೇಂದ್ರ ಇದೆ, ಫುಕುಶಿಮಾ ಪ್ರಾಂತ್ಯದ ಓಟಕಾದೋಯಾ ಬೆಟ್ಟದಲ್ಲಿ. ಅಲ್ಲಿ ಬೆಳಕು ಕ್ಯೂಶೂಗಿಂತ ಸುಮಾರು ಅರ್ಧ ಗಂಟೆ ಮೊದಲು. 68.5 ಕಿಲೋಹರ್ಟ್ಜ್‌ನಲ್ಲಿ ಚೀನಾದ ಬಿಪಿಸಿ, ಶಾಂಗ್‌ಚಿಯು ಊರಿನಿಂದ. ಇದು ನಮಗೆ ವರದಾನ. ದಿನಾ ಅಲ್ಲಿನ ಬೆಳಿಗ್ಗೆ 5ರಿಂದ 8ರ ತನಕ ಅದು ಬಂದ್ ಇರುತ್ತದೆ. ನಮ್ಮ ಲೆಕ್ಕದಲ್ಲಿ ನಸುಕಿನ 2.30ರಿಂದ 5.30.

ಆ ರಾತ್ರಿ

ಮುಸ್ಸಂಜೆ ಮೂರೂ ಗೆರೆ ಬಂದವು. 2.30ಕ್ಕೆ 68.5ರ ಗೆರೆ ಕತ್ತರಿಸಿದ ಹಾಗೆ ನಿಂತಿತು. ಎಲ್ಲರ ಮುಖದಲ್ಲೂ ನಗು. ನಮ್ಮ ತಂತಿ, ಪೆಟ್ಟಿಗೆ, ಲೆಕ್ಕ ಎಲ್ಲ ನಂಬುವಂಥದ್ದು ಎಂದು ಚೀನಾದವರೇ ಹೇಳಿದ ಹಾಗಾಯಿತು. 3 ಗಂಟೆ ದಾಟುವಾಗ 40ರ ಗೆರೆ ಸಪ್ಪೆಯಾಗತೊಡಗಿತು. ಅಲ್ಲಿ ನೆಲಕ್ಕೆ ಬಿಸಿಲು ಬೀಳುವ ಮುಂಚೆಯೇ ಮೇಲಿನ ಪದರಕ್ಕೆ ಬಿಸಿಲು ಬಿದ್ದಿರುತ್ತದೆ, ಹಾಗಾಗಿ ಇಳಿತ ಸ್ವಲ್ಪ ಮೊದಲೇ ಶುರುವಾಗುವುದು ಸಹಜ. ಅದಾದ ಮೇಲೆ 60ರ ಸರದಿ. ಅದೂ ಇಳಿಯಿತು.

ಆದರೆ ಹೋಗಲಿಲ್ಲ. 4 ಗಂಟೆಯಾದರೂ, 4.30 ಆದರೂ, ಬಡಕಲಾಗಿ ಉಳಿದೇ ಇತ್ತು. ನಮ್ಮಲ್ಲಿ ಒಬ್ಬರು, ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಅಣ್ಣ, ಇದು ಊರಿನದೇ ಏನೋ ಕೂತಿದೆ ಎಂದರು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ ಇಂಗ್ಲೆಂಡ್ ಎಂದಳು. ಸಮಯದ ಲೆಕ್ಕ ಅವಳ ಕಡೆಗಿತ್ತು. ಆದರೆ ಬರೀ ಸಮಯ ನಂಬಿ ಬರೆಯಲು ಮಾಷ್ಟ್ರು ಒಪ್ಪಲಿಲ್ಲ. "ದಿಕ್ಕು ನೋಡು ನೀನು. ದಿಕ್ಕು ಬೇರೆ ಸಾಕ್ಷಿ," ಎಂದರು.

ಲೂಪ್ ಆಂಟೆನಾ ತನ್ನ ಅಂಚಿನ ದಿಕ್ಕಿಂದ ಚೆನ್ನಾಗಿ ಕೇಳುತ್ತದೆ, ಎದುರು ಮುಖದ ದಿಕ್ಕಿಗೆ ಕಿವುಡು. ಭೂಗೋಳದ ಮೇಲೆ ನೇರ ದಾರಿ ಹಿಡಿದರೆ ಕೋಡಿ ಬೆಂಗ್ರೆಯಿಂದ ಹಗಾನೆ ಉತ್ತರದಿಂದ ಪೂರ್ವಕ್ಕೆ ಸುಮಾರು 58 ಡಿಗ್ರಿಯಲ್ಲಿದೆ. ಆಂಥಾರ್ನ್ ಉತ್ತರದಿಂದ ಪಶ್ಚಿಮಕ್ಕೆ ಸುಮಾರು 36 ಡಿಗ್ರಿ. ಎರಡರ ನಡುವೆ 94 ಡಿಗ್ರಿ, ಹೆಚ್ಚುಕಮ್ಮಿ ಸರಿಯಾದ ಲಂಬ ಕೋನ. ನಮ್ಮ ಕರಾವಳಿಗೆ ಇದು ಭೂಗೋಳ ಕೊಟ್ಟ ಅದೃಷ್ಟ ಎಂದೇ ನಾನು ತಿಳಿಯುತ್ತೇನೆ. ಲೂಪ್ ಅನ್ನು ಜಪಾನಿಗೆ ತಿರುಗಿಸಿದರೆ ಇಂಗ್ಲೆಂಡ್ ತಾನಾಗಿಯೇ ಕಿವುಡು ಬದಿಗೆ ಬೀಳುತ್ತದೆ. ಇಂಗ್ಲೆಂಡಿಗೆ ತಿರುಗಿಸಿದರೆ ಜಪಾನ್.

ಅಷ್ಟು ಹೊತ್ತೂ ಲೂಪ್ ಜಪಾನಿನ ಕಡೆಗಿತ್ತು. ಗೂಟ ಹೊಡೆದು ಗುರುತು ಮಾಡಿಟ್ಟ ಇನ್ನೊಂದು ದಿಕ್ಕಿಗೆ ಈಗ ತಿರುಗಿಸಿದೆವು. 20 ಸೆಕೆಂಡಿಗೊಂದು ಚುಕ್ಕೆ ಅಲ್ವಾ, ಗೊತ್ತಾಗಲು ಕೆಲವು ನಿಮಿಷ ಬೇಕಾಯಿತು. ಬಡಕಲು ಗೆರೆ ತುಂಬಿಕೊಂಡಿತು. ಹಿಂದಕ್ಕೆ ತಿರುಗಿಸಿದರೆ ಮತ್ತೆ ಇಳಿಯಿತು. ಪೂರ್ತಿ ಅಳಿಯಲಿಲ್ಲ, ಅದಕ್ಕೂ ಕಾರಣ ಇದೆ: ರಾತ್ರಿ ಅಲೆ ಮೇಲಿಂದ ಓರೆಯಾಗಿ, ತಿರುಚಿಕೊಂಡು ಬರುವುದರಿಂದ ಲೂಪ್‌ನ ಕಿವುಡು ಬದಿಯೂ ಅಲ್ಪ ಸ್ವಲ್ಪ ಕೇಳುತ್ತದೆ. ಹಡಗುಗಳು ರೇಡಿಯೊ ಹಿಡಿದು ದಿಕ್ಕು ನೋಡುತ್ತಿದ್ದ ಕಾಲದಿಂದಲೂ ಇದು ಗೊತ್ತಿರುವ ತೊಂದರೆ.

6.50 ಕಳೆದು ತೋಟಕ್ಕೆ ಬೆಳಕು ಬಂದ ಮೇಲೆ ಆ ಗೆರೆಯೂ ಮೆಲ್ಲಗೆ ಹೋಯಿತು.

ಸೆಕೆಂಡಿನೊಳಗೆ ಇಣುಕಿದ್ದು

ಸಮಯ, ದಿಕ್ಕು ಎರಡೂ ಹೊಂದಿದವು. ಆದರೂ ಸಹಿ ಓದದೆ ಹೆಸರು ಬರೆಯುವುದು ಬೇಡ ಎಂದುಕೊಂಡೆವು. ಪ್ರತಿ ಕೇಂದ್ರಕ್ಕೂ ಸೆಕೆಂಡ್ ಹೇಳುವ ತನ್ನದೇ ರೀತಿ ಇದೆ. ಜೆಜೆವೈ ಸೆಕೆಂಡ್ ಶುರುವಾಗುವಾಗ ಪೂರ್ತಿ ಜೋರಿಗೆ ಏರುತ್ತದೆ. ಆಮೇಲೆ 0.2, 0.5 ಅಥವಾ 0.8 ಸೆಕೆಂಡಿಗೆ ಇಳಿಯುತ್ತದೆ. ಎಲ್ಲಿ ಇಳಿಯಿತು ಅನ್ನುವುದರಲ್ಲಿ ಸಮಯದ ಸಂಕೇತ ಅಡಗಿದೆ. ಎಂಎಸ್ಎಫ್ ಇದಕ್ಕೆ ತಿರುಗುಮುರುಗು. ಸೆಕೆಂಡ್ ಶುರುವಾದ ಕೂಡಲೇ ಅದು ಮೌನ, ಕನಿಷ್ಠ 0.1 ಸೆಕೆಂಡ್, ಸಾಮಾನ್ಯವಾಗಿ 0.3 ಒಳಗೆ ಮರಳಿ ಬರುತ್ತದೆ. ನಿಮಿಷದ ಗುರುತಿಗೆ ಮಾತ್ರ 0.5 ಸೆಕೆಂಡ್ ಮೌನ.

ಜೆಜೆವೈ ಪ್ರತಿ ಗಂಟೆಯ 15 ಮತ್ತು 45ನೇ ನಿಮಿಷದಲ್ಲಿ ತನ್ನ ಹೆಸರನ್ನು ಮೋರ್ಸ್ ಸಂಕೇತದಲ್ಲಿ ಹೇಳುತ್ತದೆ. ಸಿಗ್ನಲ್ ಕಿವಿಗೆ ಕೇಳುವಷ್ಟಿದ್ದರೆ ಈ ಕಷ್ಟ ಯಾವುದೂ ಬೇಡ. ನಮ್ಮದರಲ್ಲಿ ಒಂದೊಂದು ಸೆಕೆಂಡ್ ನೋಡಿದರೆ ಗದ್ದಲ ಬಿಟ್ಟು ಏನೂ ಇಲ್ಲ. ಹಾಗಾಗಿ ಹುಡುಗಿ ಒಂದು ಪ್ರೋಗ್ರಾಮ್ ಬರೆದಳು. ಜಿಪಿಎಸ್ ಪಲ್ಸ್ ಹಿಡಿದು ರೆಕಾರ್ಡಿಂಗ್ ಅನ್ನು ಸೆಕೆಂಡ್ ಸೆಕೆಂಡ್ ತುಂಡು ಮಾಡಿ, ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆಯುವುದು. ಒಂದು ಗಂಟೆಯ 3,600 ತುಂಡು ಕೂಡಿಸಿದರೆ ಗದ್ದಲ 60ರಲ್ಲಿ ಒಂದು ಪಾಲಾಗುತ್ತದೆ. ಸೆಕೆಂಡಿಗೆ ಅಂಟಿಕೊಂಡ ಆಕಾರ ಮಾತ್ರ ಉಳಿಯುತ್ತದೆ.

ಮುಸ್ಸಂಜೆಯ ಗಂಟೆಯ ಚಿತ್ರದಲ್ಲಿ ಸೆಕೆಂಡಿನ ಆರಂಭ ಎತ್ತರ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿತ, ಕೊನೆ ತಗ್ಗು. ಜಪಾನ್. ನಸುಕಿನ ಗಂಟೆಯ ಚಿತ್ರದಲ್ಲಿ ಆರಂಭದಲ್ಲೇ ಹೊಂಡ, 0.3 ಸೆಕೆಂಡಿನ ಹೊತ್ತಿಗೆ ತುಂಬಿ, ಮುಂದೆ ಸಮತಟ್ಟು. ಇಂಗ್ಲೆಂಡ್. ಟಿವಿ ಅಂಗಡಿ ಅಣ್ಣ ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತುಂಬ ಹೊತ್ತು ನೋಡಿದರು. ಆಮೇಲೆ ಅವರೇ ಲಾಗ್ ಪುಸ್ತಕ ತೆಗೆದು ಎರಡೂ ಹೆಸರು ಬರೆದರು.

ಅಮೆರಿಕದ ಮಾತು ಉಳಿಯಿತು. ಡಬ್ಲ್ಯುಡಬ್ಲ್ಯುವಿಬಿ ಕೂಡ ಸೆಕೆಂಡಿನ ಆರಂಭದಲ್ಲಿ ಇಳಿಯುತ್ತದೆ, ಹಾಗಾದರೆ ನಸುಕಿನ ಹೊಂಡ ಅದರದ್ದು ಯಾಕಾಗಬಾರದು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದರ ಇಳಿತ 0.2, 0.5, 0.8 ಸೆಕೆಂಡ್ ಉದ್ದದವು. ಅದೇ ಆಗಿದ್ದರೆ ಹೊಂಡದ ಬಾಲ 0.8ರ ತನಕ ಎಳೆಯಬೇಕಿತ್ತು. ಅಲ್ಲದೆ ಕೊಲರಾಡೊ ನಮಗೆ ಹೆಚ್ಚುಕಮ್ಮಿ ನೇರ ಉತ್ತರದಲ್ಲಿ, ಧ್ರುವದ ಮೇಲಿಂದ ಆಚೆ. ಲೂಪ್ ಜಪಾನಿನ ಕಡೆ ತಿರುಗಿದಾಗಲೂ ಅದು ಅರ್ಧದಷ್ಟಾದರೂ ಕೇಳಬೇಕು, ಅಷ್ಟು ಜೋರಾಗಿ ಕುಗ್ಗಬಾರದು. ಇನ್ನೂ ಒಂದು: ಬೇರೆ ದಿನ ನಡುರಾತ್ರಿ ಲೂಪ್ ಅನ್ನು ಇಂಗ್ಲೆಂಡಿನ ಕಡೆ ಇಟ್ಟು ತೆಗೆದ ರೆಕಾರ್ಡಿಂಗ್‌ನಲ್ಲೂ ಅದೇ ಹೊಂಡ ಇತ್ತು. ಆಗ ಕೊಲರಾಡೊದಲ್ಲಿ ಹಾಡುಹಗಲು.

ಅಲೆ ಬರಲು ಹಿಡಿಯುವ ಸಮಯವನ್ನೂ ಅಳೆಯಲು ನೋಡಿದೆವು. 6,000 ಕಿ.ಮೀ.ಗೆ 20 ಮಿಲಿಸೆಕೆಂಡ್, 8,000ಕ್ಕೆ 27. ಚಿತ್ರದ ಅಂಚುಗಳು ಅಷ್ಟು ಚೂಪಾಗಿ ಬಂದಿಲ್ಲ. ಆದ್ದರಿಂದ ಅದನ್ನು ಸಾಕ್ಷಿಯ ಪಟ್ಟಿಯಲ್ಲಿ ಸೇರಿಸಿಲ್ಲ.

ನಡುರಾತ್ರಿಯ ಪಾಲು ಇನ್ನೂ ನಮ್ಮ ಕೈಗೆ ಪೂರ್ತಿ ಸಿಕ್ಕಿಲ್ಲ. ಎರಡೂ ಸಿಗ್ನಲ್ ಒಂದೇ ಆವರ್ತನದಲ್ಲಿ ಬಂದು ಕೂಡುವುದರಿಂದ ಒಮ್ಮೆ ಒಂದನ್ನೊಂದು ಬಲಗೊಳಿಸುತ್ತವೆ, ಒಮ್ಮೆ ಅಳಿಸುತ್ತವೆ. ಆ ಏರಿಳಿತದಲ್ಲಿ ಅಯಾನುಗೋಳ ಎಷ್ಟು, ಈ ಕೂಡುವಿಕೆ ಎಷ್ಟು ಎಂದು ಬಿಡಿಸಲು ಎರಡು ಲೂಪ್ ಒಟ್ಟಿಗೆ ರೆಕಾರ್ಡ್ ಮಾಡಬೇಕು. ಎರಡನೆಯದಕ್ಕೆ ರೀಪು ಕತ್ತರಿಸಿ ಆಗಿದೆ.

ಇನ್ನೊಂದು ಯೋಚನೆ ಜೂನ್ ತಿಂಗಳದ್ದು. ಆಗ ಹಗಾನೆಯಲ್ಲಿ ಸೂರ್ಯ ಹುಟ್ಟುವುದು ನಮ್ಮ ರಾತ್ರಿ 1.40ಕ್ಕೇ. ಆಂಥಾರ್ನ್‌ನಲ್ಲಿ ಮುಳುಗುವುದು 2.20ರ ಸುಮಾರಿಗೆ. ಎರಡು ದಾರಿಗಳ ಕತ್ತಲು ಒಂದರ ಮೇಲೊಂದು ಬರುವುದೇ ಇಲ್ಲ, ಲೂಪ್ ತಿರುಗಿಸದೆಯೇ ಇಬ್ಬರೂ ಬೇರೆ ಬೇರೆ ಸಿಗಬೇಕು. ಇಂಗ್ಲೆಂಡಿನ ಜೂನ್ ರಾತ್ರಿ ತೀರಾ ಚಿಕ್ಕದು, ಮೇಲಿನ ಪದರದಲ್ಲಿ ಬೆಳಕು ಪೂರ್ತಿ ಆರುವುದೂ ಕಷ್ಟ; ಹಾಗಾಗಿ ಅದರ ಗೆರೆ ಡಿಸೆಂಬರಿಗಿಂತ ಬಡಕಲಾಗಿರುತ್ತದೆ ಎಂದು ಮಾಷ್ಟ್ರು ಈಗಲೇ ಬರೆದಿಟ್ಟಿದ್ದಾರೆ. ಮಳೆ, ಸಿಡಿಲು ಇದ್ದೇ ಇದೆ. ಏಪ್ರಿಲ್-ಮೇ ತಿಂಗಳ ಗುಡುಗಿಗಿಂತ ಜೂನ್ ಕೊನೆ ವಾಸಿ ಎಂಬ ಧೈರ್ಯದಲ್ಲಿ ಪ್ರೀ ಆಂಪ್ಲಿಫೈಯರ್‌ಗೆ ನೀರು ಹೋಗದ ಡಬ್ಬಿ ಹುಡುಕುತ್ತಿದ್ದೇವೆ. ಕುಂದಾಪುರ ಅಥವಾ ಮಂಗಳೂರು ಕಡೆಯಲ್ಲಿ ಗದ್ದಲ ಇಲ್ಲದ ತೋಟ ಇರುವವರು ಅದೇ ರಾತ್ರಿಗಳಲ್ಲಿ ರೆಕಾರ್ಡ್ ಮಾಡಿದರೆ ಎರಡು ಜಾಗದ ಇಳಿತದ ಹೊತ್ತನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಸೌಂಡ್ ಕಾರ್ಡಿನ ಬಲ ಚಾನಲ್‌ಗೆ ಜಿಪಿಎಸ್ ಪಲ್ಸ್ ಕೊಡುವುದನ್ನು ಮಾತ್ರ ಬಿಡಬೇಡಿ.